ಮಳೆ ಹಿಡಿಯುವ ಮೊದಲು ಹಳೇ ಪಿಕಪ್: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಮೇ ತಿಂಗಳು ಬಂತೆಂದರೆ ನನ್ನನ್ನು ಕೇಳುವವರು ಹೆಚ್ಚೂಕಡಿಮೆ ಮೂರೇ ಮಾತು ಕೇಳುತ್ತಾರೆ. "ಬ್ರೇಕಿಗೆ ಎರಡು ಸಲ ಗಾಳಿ ತೆಗೆದೆ, ಒಂದು ಡಬ್ಬಿ ಆಯಿಲ್ ಖಾಲಿಯಾಯ್ತು, ಪೆಡಲ್ ಇನ್ನೂ ಕೆಳಗೇ ಹೋಗ್ತದೆ." "ಡೀಸೆಲ್ ಫಿಲ್ಟರ್ ಹೊಸತು ಹಾಕಿದೆ, ಗಾಡಿ ಸ್ಟಾರ್ಟೇ ಆಗ್ತಿಲ್ಲ." "ಹೋದ ವರ್ಷ ಬಣ್ಣ ಹೊಡೆದ ಚಾಸಿ ಈ ವರ್ಷ ಚಕ್ಕೆ ಏಳ್ತಿದೆ." ಮೂರರಲ್ಲೂ ಮಾಡಿದ ಕೆಲಸ ಸರಿಯೇ. ಮಾಡಿದ ಸರದಿ ತಪ್ಪು. ಅದಕ್ಕೇ ಇಲ್ಲಿ ಸರದಿಗೇ ಹೆಚ್ಚು ಒತ್ತು ಕೊಟ್ಟಿದ್ದೇನೆ.

ನಾನು ಹೇಳುತ್ತಿರುವುದು ಹತ್ತು-ಇಪ್ಪತ್ತು ವರ್ಷ ಹಳೆಯ ಡೀಸೆಲ್ ಪಿಕಪ್ ಬಗ್ಗೆ: ಮುಂದೆ ಡಿಸ್ಕ್, ಹಿಂದೆ ಡ್ರಮ್, ಹಿಂದೆ ಪಾಟಾ (ಎಲೆ ಸ್ಪ್ರಿಂಗ್). ಅಡಿಕೆ ಮೂಟೆ, ಗೊಬ್ಬರ, ಔಷಧಿ ಡ್ರಮ್ಮು ಎಲ್ಲ ಹೊರುವ ಗಾಡಿ. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ನಂಬಿ. ಕೆಲಸಕ್ಕೆ ಎರಡು ಶನಿವಾರ-ಭಾನುವಾರ ಬೇಕು, ನಡುವೆ ಒಂದು ವಾರದ ಬಿಸಿಲು ಬೇಕು. ಮೇ ಮಧ್ಯಕ್ಕೆ ಮುಗಿಸಿಕೊಳ್ಳಿ. ಜೂನ್ ಮೊದಲ ವಾರ ತೀರ್ಥಹಳ್ಳಿ, ಹೊಸನಗರದ ಕಡೆ ಚಾಸಿ ಒಣಗಿಸುತ್ತೇನೆಂದು ಹೊರಟರೆ ದೀಪಾವಳಿಯವರೆಗೆ ಕಾಯಬೇಕು.

## ಮೊದಲೇ ಕೂಡಿಸಿಟ್ಟುಕೊಳ್ಳಬೇಕಾದ್ದು

ಗಾಡಿಯ ತೂಕಕ್ಕೆ ತಕ್ಕ ಜಾಕ್, ಎರಡು ಕಬ್ಬಿಣದ ಜಾಕ್ ಸ್ಟ್ಯಾಂಡ್, 8ರಿಂದ 24ರವರೆಗಿನ ರಿಂಗ್ ಸ್ಪ್ಯಾನರ್, ಗ್ರೀಸ್ ಗನ್, ವೈರ್ ಬ್ರಷ್, ಮಲ್ಟಿಮೀಟರ್, ತುಕ್ಕು ಬಿಡಿಸುವ ಸ್ಪ್ರೇ, ಪಾರದರ್ಶಕ ಪೈಪ್ ಒಂದು ಮೀಟರ್, ಖಾಲಿ ನೀರಿನ ಬಾಟಲಿ. ಬ್ರೇಕ್ ಆಯಿಲ್ ಹೊಸ ಸೀಲ್ ಡಬ್ಬಿಯೇ ಆಗಬೇಕು. ಕಪಾಟಿನಲ್ಲಿ ಎರಡು ವರ್ಷದಿಂದ ಅರ್ಧ ಉಳಿದಿರುವ ಡಬ್ಬಿ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮನೆಗಳಲ್ಲಿ ತೇವಕ್ಕೇನು ಬರ.

ಜಾಕ್ ಸ್ಟ್ಯಾಂಡ್ ಬದಲು ಜಂಬಿಟ್ಟಿಗೆ ಕಲ್ಲು ಇಡುವುದು ನಮ್ಮ ಕಡೆಯ ಹಳೇ ಚಾಳಿ. ದಯವಿಟ್ಟು ಬೇಡ. ಗೋಡೆಯಲ್ಲಿ ನೂರು ವರ್ಷ ನಿಲ್ಲುವ ಕಲ್ಲು ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ನಮ್ಮ ಅಂಗಳದಲ್ಲೇ ಒಮ್ಮೆ ಹಾಗಾಯಿತು. ಪುಣ್ಯಕ್ಕೆ ಆ ಹೊತ್ತಿಗೆ ನಾನು ಕಾಫಿಗೆಂದು ಒಳಗೆ ಹೋಗಿದ್ದೆ.

## 1. ತೊಳೆಯಿರಿ, ಒಣಗಿಸಿ, ಬಡಿದು ನೋಡಿ

ಶುರು ಅಡಿಯಿಂದ. ವಾಟರ್ ಸರ್ವಿಸ್‌ಗೆ ಕೊಟ್ಟರೂ ಆಯಿತು, ತೋಟಕ್ಕೆ ನೀರು ಬಿಡುವ ಪೈಪಿನಿಂದ ನೀವೇ ತೊಳೆದರೂ ಆಯಿತು. ಪಾಟಾದ ಎಲೆಗಳ ಸಂದು, ಡೀಸೆಲ್ ಟ್ಯಾಂಕಿನ ಮೇಲ್ಭಾಗ, ಚಾಸಿಯ ಒಳಮೈ, ಮಡ್‌ಗಾರ್ಡ್ ಹಿಂದಿನ ಮೂಲೆ, ಈ ನಾಲ್ಕು ಕಡೆ ಕೆಂಪು ಮಣ್ಣು ಇಟ್ಟಿಗೆಯಂತೆ ಕೂತಿರುತ್ತದೆ. ನೀರು ಹೋಗಲೆಂದೇ ಚಾಸಿಗೂ ಬಾಗಿಲಿನ ಕೆಳ ಅಂಚಿಗೂ ಸಣ್ಣ ತೂತುಗಳಿರುತ್ತವೆ. ಮೊಂಡು ಕಡ್ಡಿಯಿಂದ ಅವನ್ನು ಬಿಡಿಸಿ.

ಎರಡು-ಮೂರು ದಿನ ಬಿಸಿಲಿಗೆ ಬಿಟ್ಟು, ಆಮೇಲೆ ಸಣ್ಣ ಸುತ್ತಿಗೆ ಹಿಡಿದು ಅಡಿಯಲ್ಲಿ ಮಲಗಿ. ಚಾಸಿಯ ಉದ್ದಕ್ಕೂ ಗೇಣಿಗೊಂದು ಪೆಟ್ಟು. ಗಟ್ಟಿ ಕಬ್ಬಿಣ "ಠಣ್" ಎನ್ನುತ್ತದೆ. ಒಳಗೆ ತಿಂದು ಹೋಗಿದ್ದರೆ "ದಬ್" ಎನ್ನುತ್ತದೆ, ಜೊತೆಗೆ ಕಂದು ಪುಡಿ ಮುಖಕ್ಕೆ ಸುರಿಯುತ್ತದೆ (ಕನ್ನಡಕ ಹಾಕಿಕೊಳ್ಳಿ). ಪಾಟಾದ ಹ್ಯಾಂಗರ್ ಕೂತ ಜಾಗ, ಸ್ಟೀರಿಂಗ್ ಬಾಕ್ಸ್ ಕೂತ ಜಾಗದಲ್ಲಿ "ದಬ್" ಬಂದರೆ ಅಲ್ಲಿಗೆ ನಿಲ್ಲಿಸಿ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಚಾಸಿ ವೆಲ್ಡಿಂಗ್ ಗೊತ್ತಿರುವವರ ಹತ್ತಿರ ಹೋಗಿ, ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ಕನೆಕ್ಷನ್ ಬಿಚ್ಚಿಸಿ.

ಬಣ್ಣದ ಡಬ್ಬಿ ಮಾತ್ರ ಈಗಲೇ ತೆರೆಯಬೇಡಿ. ಅದರ ಸರದಿ ಕೊನೆಗೆ.

## 2. ಎತ್ತಿ ನಿಲ್ಲಿಸುವುದು

ಸಮತಟ್ಟಾದ ಗಟ್ಟಿ ನೆಲ ಬೇಕು. ಅಡಿಕೆ ಒಣಗಿಸುವ ಅಂಗಳ ಸಿಮೆಂಟಿನದಾದರೆ ಬಹಳ ಒಳ್ಳೆಯದು. ಮುಂದಿನ ಎರಡೂ ಟೈರಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹಿಂದಿನ ಡ್ರಮ್ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಬಿಡಲೇಬೇಕು, ಗೇರ್ ನ್ಯೂಟ್ರಲ್ ಇರಲೇಬೇಕು. ಅಂದರೆ ಗಾಡಿಯನ್ನು ಹಿಡಿದಿಡುವುದು ಆ ಕಲ್ಲುಗಳಷ್ಟೇ. ವೀಲ್ ನಟ್‌ಗಳನ್ನು ಟೈರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಿ.

ಸ್ಟ್ಯಾಂಡನ್ನು ಚಾಸಿಯ ಕೆಳಗಲ್ಲ, ಹಿಂದಿನ ಆಕ್ಸಲ್ ಹೌಸಿಂಗ್ (ಆಕ್ಸಲ್ಲಿನ ಹೊರ ಕವಚ) ಕೆಳಗೆ ಕೊಡಿ. ಇದು ಸುರಕ್ಷತೆಯ ಮಾತಷ್ಟೇ ಅಲ್ಲ. ಅನೇಕ ಪಿಕಪ್‌ಗಳಲ್ಲಿ ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೆಚ್ಚು ಕಡಿಮೆ ಮಾಡುವ ವಾಲ್ವ್ ಇರುತ್ತದೆ. ಅದರ ಸಲಾಕೆ ಹೌಸಿಂಗಿಗೆ ಕಟ್ಟಿರುತ್ತದೆ. ಚಾಸಿ ಎತ್ತಿದಾಗ ಹೌಸಿಂಗ್ ಜೋತುಬಿದ್ದರೆ ಆ ವಾಲ್ವ್ "ಗಾಡಿ ಖಾಲಿ ಇದೆ" ಎಂದುಕೊಂಡು ಹಿಂದಕ್ಕೆ ಹೋಗುವ ಆಯಿಲ್ ತಡೆಯುತ್ತದೆ. ಆಮೇಲೆ ಎಷ್ಟು ಗಾಳಿ ತೆಗೆದರೂ ಹಿಂದಿನ ಪೈಪಿನಲ್ಲಿ ಗುಳ್ಳೆ ಉಳಿಯುತ್ತದೆ.

## 3. ಹಿಂದಿನ ಡ್ರಮ್: ಗಾಳಿ ತೆಗೆಯುವ ಮೊದಲು

ಹೆಚ್ಚಿನವರು ಎಡವುವುದು ಇಲ್ಲೇ. ಪೆಡಲ್ ಕೆಳಗೆ ಹೋಗುವುದಕ್ಕೆ ಗಾಳಿಯೊಂದೇ ಕಾರಣವಲ್ಲ. ಲೈನರ್ ಸವೆದು ಡ್ರಮ್ಮಿನಿಂದ ದೂರ ಸರಿದಿದ್ದರೂ ಶೂ (ಲೈನರ್ ಕೂತಿರುವ ಬಾಗಿದ ಪಟ್ಟಿ) ಅಷ್ಟು ದೂರ ಓಡಲು ಪೆಡಲ್ ಪೂರ್ತಿ ಬೇಕಾಗುತ್ತದೆ. ಕಾಲಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ:

- ಎರಡು-ಮೂರು ಸಲ ಒತ್ತಿದ ಮೇಲೆ ಪೆಡಲ್ ಮೇಲೆ ಬಂದು ಗಟ್ಟಿಯಾದರೆ, ಹೆಚ್ಚಾಗಿ ಶೂ ದೂರ ಇದೆ.
- ಮೇಲೆ ಬಂದರೂ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಗಾಳಿ.
- ಗಟ್ಟಿಯಾಗಿ ನಿಂತು, ಒತ್ತಿ ಹಿಡಿದರೆ ನಿಧಾನ ಇಳಿಯುತ್ತಾ ಹೋದರೆ, ಎಲ್ಲೋ ಸೋರಿಕೆ ಅಥವಾ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ರಬ್ಬರ್ ಹೋಗಿದೆ.

ನಾನೇ ಒಂದು ಮಧ್ಯಾಹ್ನವಿಡೀ ತಮ್ಮನನ್ನು ಪೆಡಲ್ ಮೇಲೆ ಕೂರಿಸಿ ಗಾಳಿ ತೆಗೆದಿದ್ದೇನೆ. ಸಂಜೆ ಅವನೇ ಕೇಳಿದ: "ಅಣ್ಣ, ಗುಳ್ಳೆ ಬರೋದು ನಿಂತು ಒಂದು ಗಂಟೆ ಆಯ್ತಲ್ಲ, ಇನ್ನೆಂತ ತೆಗೀತಿದ್ದೀಯ?" ಶೂ ಅಡ್ಜಸ್ಟ್ ಮಾಡಿದ ಹತ್ತು ನಿಮಿಷಕ್ಕೆ ಪೆಡಲ್ ಸರಿಯಾಯಿತು.

ಡ್ರಮ್ ಬಿಚ್ಚಿ. ಜಗ್ಗದಿದ್ದರೆ ಮೊದಲು ಬ್ಯಾಕ್ ಪ್ಲೇಟಿನ (ಡ್ರಮ್ಮಿನ ಹಿಂದಿನ ತಗಡು) ಕಿಂಡಿಯಿಂದ ಶೂ ಅಡ್ಜಸ್ಟರ್ ಸಡಿಲಿಸಿ. ಡ್ರಮ್ ಮುಖದಲ್ಲಿ ಮರೆ (ಥ್ರೆಡ್) ಇರುವ ಎರಡು ತೂತಿದ್ದರೆ ಅವಕ್ಕೆ ಬೋಲ್ಟ್ ಹಾಕಿ ಸಮನಾಗಿ ತಿರುಗಿಸಿದರೆ ತಾನೇ ಹೊರಬರುತ್ತದೆ. ಸುತ್ತಿಗೆಯಿಂದ ಅಂಚಿಗೆ ಬಡಿದರೆ ಬೀಡು (ಎರಕದ ಕಬ್ಬಿಣ) ಸೀಳುತ್ತದೆ. ಒಳಗಿನ ಪುಡಿಯನ್ನು ಕಂಪ್ರೆಸರ್‌ನಿಂದ ಊದಬೇಡಿ, ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆ ಎಸೆದುಬಿಡಿ.

ಈಗ ನೋಡಬೇಕಾದ್ದು. ರಿವೆಟ್ ತಲೆಗಿಂತ ಲೈನರ್ 1 ಮಿ.ಮೀ.ಯಷ್ಟೂ ಎತ್ತರ ಇಲ್ಲದಿದ್ದರೆ ಬದಲಾಯಿಸಿ, ಬದಲಾಯಿಸುವುದಾದರೆ ಎರಡೂ ಬದಿ. ಡ್ರಮ್ಮಿನಲ್ಲಿ ಗೆರೆ ಬಿದ್ದು ಉಗುರು ಸಿಕ್ಕಿಕೊಳ್ಳುವಂತಿದ್ದರೆ ಲೇತಿಗೆ ಕೊಡಬೇಕು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ಗೆ ಹೋಗುವ ಕೆಲಸವಿದ್ದಾಗ ಜೊತೆಗೆ ಒಯ್ಯಿರಿ. ಡ್ರಮ್ ಮೇಲೆ ಗರಿಷ್ಠ ಒಳವ್ಯಾಸ ಅಚ್ಚಾಗಿರುತ್ತದೆ, ಅದನ್ನು ದಾಟಿದರೆ ಹೊಸ ಡ್ರಮ್ಮೇ ಗತಿ. ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಮೂತಿ ಮೆಲ್ಲಗೆ ಎತ್ತಿ ನೋಡಿ, ಒಳಗೆ ಒದ್ದೆ ಇದ್ದರೆ ಸೋರಿಕೆ ಶುರುವಾಗಿದೆ.

ಲೈನರ್ ಮೇಲೆ ಎಣ್ಣೆ ಕಂಡರೆ ಬೆರಳಲ್ಲಿ ತೀಡಿ ಮೂಸಿ. ಮೂಗು ಹಿಂಡುವ ಗಬ್ಬು ವಾಸನೆ, ದಪ್ಪ ಜಿಡ್ಡು ಇದ್ದರೆ ಅದು ಹೌಸಿಂಗಿನ ಗೇರ್ ಆಯಿಲ್, ಆಕ್ಸಲ್ ಸೀಲ್ ಹೋಗಿದೆ. ತೆಳ್ಳಗೆ, ಅಷ್ಟೇನೂ ವಾಸನೆ ಇಲ್ಲದಿದ್ದರೆ ಬ್ರೇಕ್ ಆಯಿಲ್. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಸುಟ್ಟು ಮತ್ತೆ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ.

ಜೋಡಿಸಿದ ಮೇಲೆ ಅಡ್ಜಸ್ಟರ್ ತಿರುಗಿಸುತ್ತಾ ಚಕ್ರ ಪೂರ್ತಿ ಹಿಡಿಯುವವರೆಗೆ ಬಿಗಿ ಮಾಡಿ. ಒಮ್ಮೆ ಪೆಡಲ್ ಒತ್ತಿ ಬಿಡಿ, ಶೂ ನಡುವಿಗೆ ಕೂರುತ್ತದೆ. ಆಮೇಲೆ ಚಕ್ರ ತಿರುಗುವಾಗ "ಸರ್ ಸರ್" ಎಂದು ಸಣ್ಣಗೆ ತಾಗುವಷ್ಟಕ್ಕೆ ಹಿಂದೆ ಬಿಡಿ. ತಾನೇ ಅಡ್ಜಸ್ಟ್ ಆಗುವ ಮಾದರಿಯಾದರೂ ಕೈಯಿಂದ ತಿರುಗಿಸಿ ನೋಡಿ, ಕೆಸರು ಕೂತು ಹಲ್ಲು ಜಾಮಾಗಿರುವುದೇ ಹೆಚ್ಚು.

ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡುವುದು ಇದೆಲ್ಲ ಮುಗಿದ ಮೇಲೆ. ಮೊದಲೇ ಕೇಬಲ್ ಎಳೆದುಬಿಟ್ಟರೆ ಶೂಗಳು ತಮ್ಮ ಜಾಗದಿಂದ ಅರ್ಧ ಎದ್ದೇ ಇರುತ್ತವೆ, ಅಡ್ಜಸ್ಟ್‌ಮೆಂಟ್ ಲೆಕ್ಕವೇ ತಪ್ಪುತ್ತದೆ.

## 4. ಬ್ರೇಕಿನ ಗಾಳಿ ತೆಗೆಯುವುದು

ಹಿಂದಿನ ರಾತ್ರಿಯೇ ನಾಲ್ಕೂ ಚಕ್ರದ ಬ್ರೇಕಿನಲ್ಲಿ ಗಾಳಿ ಬಿಡಲು ಇರುವ ನಿಪ್ಪಲ್‌ಗೆ ತುಕ್ಕಿನ ಸ್ಪ್ರೇ ಹೊಡೆದಿಡಿ. ರಬ್ಬರಿಗೂ ಲೈನರಿಗೂ ತಾಗದ ಹಾಗೆ. ಬೆಳಿಗ್ಗೆ ರಿಂಗ್ ಸ್ಪ್ಯಾನರ್ ಮಾತ್ರ ಬಳಸಿ. ಬಾಯಿ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ನಿಪ್ಪಲ್ ಉರುಟಾಗುತ್ತದೆ.

ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರ ಮೊದಲು. ನಮ್ಮ ಬಲಗೈ ಸ್ಟೀರಿಂಗ್ ಗಾಡಿಗಳಲ್ಲಿ ಅದು ಹಿಂದಿನ ಎಡ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ.

ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಯಲ್ಲಿ ಸ್ವಲ್ಪ ಆಯಿಲ್ ಹಾಕಿ ಅದರೊಳಗೆ ಮುಳುಗಿಸಿ. ಒಳಗೆ ಒಬ್ಬರು, ಕೆಳಗೆ ಒಬ್ಬರು.

"ಒತ್ತು."
"ಒತ್ತಿದೆ, ಹಿಡ್ಕಂಡಿದೀನಿ."

ಆ ಮಾತು ಕಿವಿಗೆ ಬಿದ್ದ ಮೇಲೆ ನಿಪ್ಪಲ್ ಅರ್ಧ ಸುತ್ತು ತೆರೆಯಿರಿ. ಗುಳ್ಳೆ ಹೋಗುತ್ತಿದ್ದಂತೆ ಮುಚ್ಚಿ. ಮುಚ್ಚಿದ ಮೇಲೆ "ಬಿಡು" ಎನ್ನಿ. ಮುಚ್ಚುವ ಮೊದಲೇ ಕಾಲು ಎತ್ತಿದರೆ ಹೋದ ಗಾಳಿ ವಾಪಸ್ ಬರುತ್ತದೆ. ನಾಲ್ಕೈದು ಸಲಕ್ಕೊಮ್ಮೆ ಮಾಸ್ಟರ್ ಸಿಲಿಂಡರಿನ ಮೇಲಿನ ಆಯಿಲ್ ಡಬ್ಬಿ ನೋಡಿ, ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಅದು ಖಾಲಿಯಾದರೆ ಮೊದಲಿನಿಂದ ಶುರು.

ಹಳೇ ಗಾಡಿಗೆ ಇನ್ನೊಂದು ಎಚ್ಚರಿಕೆ. ಪೆಡಲ್ ಕೆಳಗೆ ಒಂದೂವರೆ-ಎರಡು ಇಂಚಿನ ಮರದ ತುಂಡು ಇಡಿ. ದಿನನಿತ್ಯ ಪೆಡಲ್ ಪೂರ್ತಿ ತಳಕ್ಕೆ ಹೋಗುವುದಿಲ್ಲ, ಹಾಗಾಗಿ ಮಾಸ್ಟರ್ ಸಿಲಿಂಡರಿನ ಆ ಕೊನೆಯ ಭಾಗದಲ್ಲಿ ತುಕ್ಕು ಕೂತಿರುತ್ತದೆ. ಗಾಳಿ ತೆಗೆಯುವಾಗ ತಳದವರೆಗೆ ಒತ್ತಿದರೆ ರಬ್ಬರ್ ಕಪ್ ಆ ತುಕ್ಕಿನ ಮೇಲೆ ಓಡಿ ಹರಿಯುತ್ತದೆ. "ನಿನ್ನೆವರೆಗೆ ಸರಿ ಇತ್ತು, ಸರ್ವಿಸ್ ಮಾಡಿದ ಮೇಲೇ ಹಾಳಾಯ್ತು" ಎನ್ನುವುದರ ಹಿಂದೆ ಎಷ್ಟೋ ಸಲ ಇರುವುದು ಇದೇ.

ಆಯಿಲ್ ಡಾಟ್ 3 ಅಥವಾ ಡಾಟ್ 4 ದರ್ಜೆಯದು, ಗಾಡಿಯಲ್ಲಿರುವ ಆ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ನೀರು ಹೀರಿಕೊಂಡ ಮೇಲೆ ಅದೇ ಆಯಿಲ್ 140ರ ಹತ್ತಿರ ಕುದಿಯಬಹುದು. ಘಾಟಿ ಇಳಿಯುವಾಗ ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ದಿಢೀರನೆ ತಳಕ್ಕೆ ಹೋಗುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಒಂದು ಹನಿ ಸೇರಿದರೂ ರಬ್ಬರೆಲ್ಲ ಊದಿಕೊಳ್ಳುತ್ತದೆ.

ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ ಪೆಡಲ್ ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಇಳಿಯುತ್ತಾ ಹೋದರೆ ಗಾಡಿ ಅಂಗಳ ಬಿಡುವ ಹಾಗಿಲ್ಲ.

## 5. ಹೌಸಿಂಗ್, ಪಾಟಾ, ಗ್ರೀಸ್

ಹೌಸಿಂಗ್ ಆಯಿಲ್ ಬದಲಾಯಿಸುವಾಗ ಮೊದಲು ಮೇಲಿನ ತುಂಬುವ ಬೋಲ್ಟ್ ಬಿಚ್ಚಿ, ಅದು ಬಿಚ್ಚಿದರೆ ಮಾತ್ರ ಕೆಳಗಿನದು. ಕೆಳಗಿನದು ಬಿಚ್ಚಿ ಆಯಿಲೆಲ್ಲ ಸುರಿದ ಮೇಲೆ ಮೇಲಿನದು ಜಾಮ್ ಎಂದು ಗೊತ್ತಾದರೆ ಗಾಡಿ ಅಲ್ಲೇ ಕೂತಂತೆ. ಬಂದ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕಿದ್ದರೆ ಒಳಗೆ ನೀರು ಹೋಗಿದೆ.

ನೀರು ಹೇಗೆ ಹೋಯಿತು? ಹೌಸಿಂಗ್ ಮೇಲೆ ಹೆಬ್ಬೆರಳಿನಷ್ಟು ಒಂದು ಬ್ರೀದರ್ (ಒಳಗಿನ ಗಾಳಿ ಆಡುವ ಕಿಂಡಿ) ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಸರು ಕೂತು ಅದು ಕಟ್ಟಿಕೊಂಡರೆ, ಓಡಿ ಬಿಸಿಯಾದ ಹೌಸಿಂಗಿನ ಒತ್ತಡಕ್ಕೆ ಸೀಲಿನಿಂದ ಆಯಿಲ್ ಹೊರಬಂದು ಡ್ರಮ್ಮಿಗೆ ಇಳಿಯುತ್ತದೆ. ಅದೇ ಬಿಸಿ ಹೌಸಿಂಗ್ ಹಳ್ಳದ ನೀರಿಗೆ ಇಳಿದಾಗ ಒಮ್ಮೆಲೇ ತಣ್ಣಗಾಗಿ ಸೀಲಿನಿಂದಲೇ ನೀರು ಎಳೆದುಕೊಳ್ಳುತ್ತದೆ. ಸೀಲ್ ವರ್ಷಕ್ಕೊಂದು ಬದಲಾಯಿಸುತ್ತಿದ್ದೀರಾದರೆ ಬ್ರೀದರ್ ನೋಡಿ.

ಪಾಟಾದಲ್ಲಿ ತುಂಡಾದ ಎಲೆ, ಸಡಿಲಾದ ಯು ಬೋಲ್ಟ್ ಹುಡುಕಿ. ಶ್ಯಾಕಲ್ ಪಿನ್ನಿಗೆ (ಪಾಟಾದ ತುದಿಯನ್ನು ಚಾಸಿಗೆ ಹಿಡಿದಿರುವ ಪಿನ್) ಗ್ರೀಸ್ ಹೊಡೆಯುವಾಗ ಮಾತ್ರ ಜಾಕನ್ನು ಚಾಸಿಗೆ ಕೊಟ್ಟು ಪಾಟಾದ ಭಾರ ಇಳಿಸಿ. ಭಾರವಿದ್ದರೆ ಪಿನ್ ಒಂದು ಬದಿಗೆ ಅದುಮಿಕೊಂಡು ಗ್ರೀಸ್ ಬೇಕಾದಲ್ಲಿಗೆ ಹೋಗುವುದೇ ಇಲ್ಲ. ಹಳೇ ಗ್ರೀಸ್ ಹೊರಬಂದು ಹೊಸತು ಕಾಣುವವರೆಗೆ ಹೊಡೆಯಿರಿ. ಪ್ರೊಪೆಲ್ಲರ್ ಶಾಫ್ಟಿನ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ದಂಡ) ಕೀಲಿನ ಕ್ರಾಸಿಗೂ ಹಾಗೆಯೇ. ರಿವರ್ಸ್ ಹಾಕಿದಾಗ "ಕಟ್" ಎನ್ನುವ ಗಾಡಿಯಲ್ಲಿ ಮೊದಲು ಅನುಮಾನಿಸಬೇಕಾದ್ದು ಆ ಕ್ರಾಸನ್ನು.

ಎಂಜಿನ್ ಆಯಿಲ್, ಫಿಲ್ಟರ್ ಬಗ್ಗೆ ಹೇಳುವುದೇನೂ ಇಲ್ಲ, ಅದನ್ನು ಎಲ್ಲರೂ ಮಾಡುತ್ತಾರೆ.

## 6. ಡೀಸೆಲ್‌ನಲ್ಲಿ ನೀರು, ಪೈಪಿನಲ್ಲಿ ಗಾಳಿ

ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯ ಮೇಲೆ ರಾತ್ರಿ ಬೆವರು ಕೂರುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕಿಳಿಯುತ್ತದೆ. ಆದ್ದರಿಂದ ವಾಟರ್ ಸೆಪರೇಟರ್ ಬಿಚ್ಚುವ ಹೊತ್ತು ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು. ಗಾಜಿನ ಲೋಟಕ್ಕೆ ಹಿಡಿದು ಬೆಳಕಿಗೆ ಎತ್ತಿ ನೋಡಿ, ಕೆಳಗೆ ನೀರು, ಮೇಲೆ ಡೀಸೆಲ್ ಎರಡು ಪದರವಾಗಿ ಕಾಣುತ್ತದೆ.

ಫಿಲ್ಟರ್ ಬದಲಾಯಿಸಿದ ಮೇಲೆ ಸೆಲ್ಫ್ ಹೊಡೆಯಬೇಡಿ. ಮೊದಲು ಕೈ ಪಂಪ್ ಒತ್ತಿ. ಮೊದಮೊದಲು ಟೊಳ್ಳು ಅನಿಸುತ್ತದೆ, ಒತ್ತುತ್ತಾ ಹೋದಂತೆ ಗಟ್ಟಿಯಾಗುತ್ತದೆ. ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವಾಗ ಬಿಗಿ ಮಾಡಿ. ಆಮೇಲೆ ಸೆಲ್ಫ್, ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚಿಲ್ಲ, ನಡುವೆ ಒಂದು ನಿಮಿಷ ಬಿಡುವು. ಇದಿಲ್ಲದೆ ಅರ್ಧ ಗಂಟೆ ಸೆಲ್ಫ್ ಹೊಡೆದವರು ಡೀಸೆಲ್ ತೊಂದರೆಯ ಮೇಲೆ ಬ್ಯಾಟರಿ ತೊಂದರೆಯನ್ನೂ ತಂದುಕೊಂಡಿರುತ್ತಾರೆ.

ಹಳೇ ಮೆಕ್ಯಾನಿಕಲ್ ಪಂಪ್ ಗಾಡಿಯಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಗಾಳಿ ತೆಗೆಯುವ ರೂಢಿಯಿದೆ. ಕಾಮನ್ ರೈಲ್ ಎಂಜಿನ್‌ನಲ್ಲಿ (ಎಲ್ಲ ಇಂಜೆಕ್ಟರಿಗೂ ಒಂದೇ ಅಧಿಕ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವಂಥದು) ಅದನ್ನು ಎಂದೂ ಮಾಡಬೇಡಿ. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

## 7. ಬೆಲ್ಟ್, ಕೂಲೆಂಟ್, ಕರೆಂಟು

ಅನೇಕ ಹಳೇ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಕೊಡುವ ಪಂಪ್ ಡೈನಮೋದ ಬೆನ್ನಿಗೇ ಇರುತ್ತದೆ. ಬೆಲ್ಟ್ ತುಂಡಾದರೆ ಚಾರ್ಜಿಂಗ್ ಜೊತೆಗೆ ಬ್ರೇಕಿನ ಬಲವೂ ಹೋಗುತ್ತದೆ. ಇಳಿಜಾರಿನಲ್ಲಿ ಬ್ಯಾಟರಿ ದೀಪ ಹತ್ತಿದರೆ "ಮನೆಗೆ ಹೋಗಿ ನೋಡಿದರಾಯ್ತು" ಅನ್ನಬೇಡಿ. ಪೆಡಲ್ ಒಂದೆರಡು ಸಲಕ್ಕೆ ಕಲ್ಲಾಗುತ್ತದೆ. ಬೆಲ್ಟಿನ ಒಳಮೈ ಬಗ್ಗಿಸಿ ಬಿರುಕು ನೋಡಿ, ಸೀಟಿನಡಿ ಒಂದು ಹೆಚ್ಚುವರಿ ಇರಲಿ.

ಬೂಸ್ಟರ್ ಪರೀಕ್ಷೆ ಸುಲಭ: ಎಂಜಿನ್ ನಿಲ್ಲಿಸಿ ಐದು ಸಲ ಪೆಡಲ್ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಜಾರಬೇಕು.

ರೇಡಿಯೇಟರಿಗೆ ಹಳ್ಳದ ನೀರು ಸುರಿಯುವುದು ಬಿಡಿ. ಕೂಲೆಂಟ್ ಬೇಕಾದ್ದು ನೀರು ಹೆಪ್ಪುಗಟ್ಟುವ ದೇಶದವರಿಗೆ ಎಂದು ವಾದಿಸುವವರಿದ್ದಾರೆ, ನಮಗೆ ಅದು ಬೇಕಾಗಿರುವುದು ಒಳಗಿನ ತುಕ್ಕಿಗೆ. ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ.

ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ, ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ಲೈಟು ಮಂಕಾದರೆ ಬಲ್ಬ್ ಬದಲಾಯಿಸುವ ಮೊದಲು ಅರ್ತ್ ವೈರ್ ಚಾಸಿಗೆ ಕೂತ ಜಾಗವನ್ನು ಎಮರಿ ಪೇಪರಿನಲ್ಲಿ ಉಜ್ಜಿ. ಕೊಟ್ಟಿಗೆ ಪಕ್ಕ ನಿಲ್ಲುವ ಗಾಡಿಯಾದರೆ ಇಲಿ ಕಡಿದ ವೈರ್ ಹುಡುಕಿ. ಫ್ಯೂಸ್ ಜಾಗಕ್ಕೆ ತಂತಿ ಸುತ್ತುವುದು ಗಾಡಿಗೆ ಬೆಂಕಿ ಇಟ್ಟ ಹಾಗೆ.

## 8. ಈಗ ಬಣ್ಣ

ಬ್ರೇಕ್ ಆಯಿಲ್ ಬಿದ್ದ ಜಾಗದಲ್ಲಿ ಬಣ್ಣ ಸುಲಿದು ಬರುತ್ತದೆ, ಅದಕ್ಕೇ ಬಣ್ಣವನ್ನು ಬ್ರೇಕ್ ಕೆಲಸದ ನಂತರಕ್ಕೆ ಇಟ್ಟದ್ದು. ಚಕ್ಕೆಯನ್ನೆಲ್ಲ ವೈರ್ ಬ್ರಷ್‌ನಿಂದ ಕೆರೆದು, ತಿನ್ನರ್‌ನಿಂದ ಜಿಡ್ಡು ಒರೆಸಿ, ಪ್ರೈಮರ್ ಎರಡು ಕೋಟ್, ಆಮೇಲೆ ಮೇಲಿನ ಬಣ್ಣ. ತೇವದ ತುಕ್ಕಿನ ಮೇಲೆ ಹೊಡೆದ ಬಣ್ಣದಡಿ ತುಕ್ಕು ಬೆಳೆಯುತ್ತಲೇ ಇರುತ್ತದೆ, ನಿಮಗೆ ಕಾಣುವುದಿಲ್ಲ ಅಷ್ಟೇ.

ಸುಟ್ಟ ಎಂಜಿನ್ ಆಯಿಲ್ ಅಡಿಗೆಲ್ಲ ಹೊಡೆಯುವವರು ಊರಿಗೆ ಹತ್ತು ಜನ ಇದ್ದಾರೆ. ತುಕ್ಕು ತಡೆಯುವುದು ನಿಜ, ಬ್ರೇಕ್ ಹೋಸ್ ಮತ್ತು ಬುಷ್‌ಗಳ ರಬ್ಬರ್ ಹಾಳಾಗುವುದೂ ಅಷ್ಟೇ ನಿಜ. ಮೊದಲ ಮಳೆಗೆ ತೊಳೆದು ಹೋಗಿ ಬಾವಿ ದಾರಿ ಹಿಡಿಯುತ್ತದೆ.

ಹಿಂದಿನ ಬಾಡಿಯ ಶತ್ರು ಮಳೆಗಿಂತ ಮೈಲುತುತ್ತ (ತಾಮ್ರದ ಸಲ್ಫೇಟ್). ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಔಷಧಿಗೆ ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಉಜ್ಜಿದ ಕತ್ತಿಯನ್ನು ಅದ್ದಿ ತೆಗೆಯುತ್ತೇವಲ್ಲ, ಸುಣ್ಣ ಕಡಿಮೆಯಾಗಿದ್ದರೆ ಕತ್ತಿಯ ಮೇಲೆ ಕೆಂಪು ತಾಮ್ರ ಕೂರುತ್ತದೆ. ತಾಮ್ರ ಕೂತಷ್ಟೂ ಕಬ್ಬಿಣ ಕರಗಿರುತ್ತದೆ. ಔಷಧಿ ಡ್ರಮ್ಮಿನಿಂದ ತುಳುಕಿದ ಮೈಲುತುತ್ತದ ನೀರು ಗಾಡಿಯ ತಳಕ್ಕೂ ಅದನ್ನೇ ಮಾಡುತ್ತದೆ. ಔಷಧಿ ಹೊಡೆದ ದಿನವೇ ಸಂಜೆ ತೊಳೆಯಿರಿ. ಪೊಟ್ಯಾಷ್ ಚೀಲ ಹೇರಿದ ದಿನವೂ ಅಷ್ಟೇ. ತಳಕ್ಕೆ ರಬ್ಬರ್ ಮ್ಯಾಟ್ ಹಾಸಿದ್ದರೆ ಎತ್ತಿ ತೊಳೆಯಿರಿ.

## 9. ಓಡಿಸಿ ನೋಡುವುದು

ಮೊದಲು ಸಮತಟ್ಟು ರಸ್ತೆಯಲ್ಲಿ ಖಾಲಿ ಗಾಡಿ, ಗಂಟೆಗೆ 20 ಕಿ.ಮೀ. ಬ್ರೇಕ್ ಒತ್ತಿದಾಗ ಒಂದು ಬದಿಗೆ ಎಳೆದರೆ ವಾಪಸ್ ಮೂರನೇ ಹಂತಕ್ಕೆ. ಐದಾರು ಕಿ.ಮೀ. ಹೆಚ್ಚು ಬ್ರೇಕ್ ಹಾಕದೆ ಓಡಿಸಿ ನಿಲ್ಲಿಸಿ, ನಾಲ್ಕೂ ಹಬ್ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಕಾವಾಗಿದ್ದರೆ ಅದರ ಬ್ರೇಕ್ ಬಿಡುತ್ತಿಲ್ಲ ಅಥವಾ ಬೇರಿಂಗ್ ಬಿಗಿ.

ಆಮೇಲೆ ಸಣ್ಣ ಇಳಿಜಾರು. ಆಮೇಲೆ ಅರ್ಧ ಹೊರೆ. ಇವೆಲ್ಲ ಸರಿಬಂದ ಮೇಲೆ ಆಗುಂಬೆಯ 14 ತಿರುವುಗಳಾಗಲಿ, ಹುಲಿಕಲ್ ಘಾಟಿಯಾಗಲಿ. ಇಳಿಯುವಾಗ ಎರಡನೇ ಗೇರ್, ಬೇಕೆಂದರೆ ಒಂದನೆಯದು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಡುವವರ ಲೈನರ್ ಸುಡುವ ವಾಸನೆ ಹಿಂದೆ ಬರುವವರ ಮೂಗಿಗೆ ಮೊದಲು ಬಡಿಯುತ್ತದೆ. ಆ ವಾಸನೆ ನಿಮ್ಮದೇ ಗಾಡಿಯದಾಗಿದ್ದರೆ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಡ್ರಮ್ಮಿಗೆ ನೀರು ಸುರಿಯಬೇಡಿ, ಬೀಡು ಸೀಳುತ್ತದೆ.

ಐವತ್ತರಿಂದ ನೂರು ಕಿ.ಮೀ. ಓಡಿದ ಮೇಲೆ ವೀಲ್ ನಟ್, ಯು ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿ. ನಟ್‌ಗಳನ್ನು ಎದುರುಬದುರಾಗಿ, ಸುತ್ತಲೂ ಸಾಲಾಗಿ ಅಲ್ಲ. ಮಳೆ ಹಿಡಿದ ಮೇಲೆ ವಾರಕ್ಕೊಂದು ಬೆಳಿಗ್ಗೆ ಸೆಪರೇಟರ್ ನೀರು ತೆಗೆಯಿರಿ. ಹಳ್ಳ ದಾಟಿದ ದಿನ ಬ್ರೇಕನ್ನು ಹಗುರಾಗಿ ನಾಲ್ಕೈದು ಸಲ ಒತ್ತಿ ಒಣಗಿಸಿ, ಮನೆಗೆ ಬಂದು ಬ್ರೀದರ್ ಒಮ್ಮೆ ಒರೆಸಿ.